ಗುರಿಯೂ ಗುರುತೂ

ಕಳೆದ ಕಾರ್ತಿಕ ಮಾಸದ ಒಂದು ಸೋಮವಾರ ಪೂಜೆ ಮುಗಿಸಿ ಹೊರಗೆ ಬಂದಾಗ ನಮ್ಮ ಪಡಸಾಲೆಯಲ್ಲಿ ಬಾಲ್ಯದ ಗೆಳೆಯರೊಬ್ಬರ ಮಗಳು ಕಾಯುತ್ತ ಕುಳಿತಿದ್ದಳು. ನಮ್ಮ ಕಣ್ಣ ಮುಂದೆಯೇ ಬೆಳೆದ ಹೆಣ್ಣುಮಗಳು. ಕೈಯಲ್ಲಿ ಒಂದು ಕಾಗದವಿತ್ತು. ಅವಳ ಹಿರಿಯ ಮಗ ನೌಕಾದಳಕ್ಕೆ ಅಗ್ನಿವೀರನಾಗಿ ಆಯ್ಕೆಯಾಗಿದ್ದಾನೆ. ಒಡಿಶಾದ ಚಿಲಿಕಾ ಸರೋವರದ ದಂಡೆಯಲ್ಲಿರುವ ತರಬೇತಿ ಕೇಂದ್ರಕ್ಕೆ ಬಂದು ಸೇರಬೇಕೆಂದು ಕರೆ ಬಂದಿದೆ. "ಕಾಕಾರ, ನೀವಾದ್ರೂ ಅವಗ ಒಂದು ಮಾತು ಹೇಳ್ರಿ. ನಿಮ್ಮ ಮಾತು ಅಂವ ಮೀರೂದಿಲ್ಲ. ಅಪ್ಪಗ ಹೇಳಿದ್ರ, ನಾನೂ ಅದನ್ನ ಮಾಡೇನಲ್ಲ ಅಂತಾರ" ಎಂದಳು. 2025ರ ಮೇ ತಿಂಗಳಲ್ಲಿ ನಾಲ್ಕು ದಿನ ಟಿ.ವಿ. ಮುಂದೆ ಕುಳಿತು ಕಂಡ ಬೆಂಕಿಯ ಗೆರೆಗಳು ಅವಳ ಕಣ್ಣಿನಿಂದ ಇನ್ನೂ ಮಾಸಿರಲಿಲ್ಲ.

ಆ ಕ್ಷಣಕ್ಕೆ ನಮ್ಮಿಂದ ಉತ್ತರ ಹೊರಡಲಿಲ್ಲ. ಅದಕ್ಕೆ ಅವಳಿಗೆ ತಿಳಿಯದ ಒಂದು ಕಾರಣವಿತ್ತು.

ಅವಳ ತಂದೆಯೂ ನಾವೂ ಒಂದೇ ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಬೆಳೆದವರು. 1971ರ ಡಿಸೆಂಬರಿನಲ್ಲಿ ನಮ್ಮಿಬ್ಬರಿಗೂ ಹನ್ನೆರಡರ ವಯಸ್ಸು. ಮಠದಲ್ಲಿದ್ದ ಒಂದೇ ಒಂದು ರೇಡಿಯೊದ ಸುತ್ತ ರಾತ್ರಿ ಮೂವತ್ತು ನಲವತ್ತು ಹುಡುಗರು ಮುತ್ತಿಕೊಂಡು ಯುದ್ಧವಾರ್ತೆ ಕೇಳುತ್ತಿದ್ದೆವು. ನಮ್ಮ ನೌಕಾದಳವು ಕರಾಚಿಯ ಬಂದರಿಗೆ ಬೆಂಕಿಯಿಟ್ಟಿತೆಂಬ ಸುದ್ದಿ ಬಂದ ದಿನ ನಾವೆಲ್ಲ ಕುಣಿದಾಡಿದೆವು. ಅವರು ಮಾತ್ರ ಕುಣಿಯದೆ, ಕರಾಚಿ ಎಲ್ಲಿದೆಯೆಂದು ಭೂಪಟ ತೆರೆದು ನೋಡುತ್ತ ಕುಳಿತಿದ್ದರು. ಮುಂದೆ ನಾವು ಸಂಸ್ಕೃತ ಪಾಠಶಾಲೆಯ ದಾರಿ ಹಿಡಿದೆವು. ಅವರು 1977ರಲ್ಲಿ ನೌಕಾದಳದ ಎಂಜಿನ್ ವಿಭಾಗಕ್ಕೆ ಸೇರಿದರು.

1984ರ ಜಾತ್ರೆಗೆ ರಜೆಯ ಮೇಲೆ ಅವರು ಮಠಕ್ಕೆ ಬಂದಿದ್ದರು. ಆಗಷ್ಟೇ ಪರೀಕ್ಷೆಗಳನ್ನು ಮುಗಿಸಿ ವಿದ್ವಾಂಸರೆನಿಸಿಕೊಂಡಿದ್ದ ನಮಗೆ ಇಪ್ಪತ್ತೈದರ ಗರ್ವ. ಪ್ರಸಾದದ ಪಂಕ್ತಿಯಲ್ಲಿ ಎಲ್ಲರೂ ಕೇಳುವಂತೆ, "ಕೊಲ್ಲುವುದನ್ನು ಕಾಯಕವೆಂದು ಕರೆಯಲಾಗದು" ಎಂದು ಅವರ ಮುಖಕ್ಕೇ ಹೇಳಿದೆವು. ಅವರು ಮರುನುಡಿಯಲಿಲ್ಲ. ಉಂಡು, ತಟ್ಟೆ ತೊಳೆದಿಟ್ಟು, ಹಿರಿಯ ಶ್ರೀಗಳಿಗೆ ನಮಸ್ಕರಿಸಿ ಹೊರಟುಹೋದರು. ಮತ್ತೆ ಅವರು ಮಠದ ಮೆಟ್ಟಿಲು ಹತ್ತಿದ್ದು ಹನ್ನೊಂದು ವರ್ಷಗಳ ಮೇಲೆ. ಅಂದಿನ ರಾತ್ರಿ ಶ್ರೀಗಳು ನಮ್ಮನ್ನು ಕರೆಸಿ ಒಂದೇ ಮಾತು ಕೇಳಿದ್ದರು: "ಅವನನ್ನು ಏನಾದರೂ ಕೇಳಿದೆಯೋ, ಬರೀ ಹೇಳಿದೆಯೋ?" ಆ ಪ್ರಶ್ನೆಗೆ ನಾವು ಅಂದು ತಲೆ ತಗ್ಗಿಸಿದ್ದು ನಿಜ, ಆದರೆ ಕೇಳುವ ಕೆಲಸವನ್ನು ಮಾತ್ರ ನಲವತ್ತು ವರ್ಷ ಮುಂದೂಡಿದೆವು.

ಆದುದರಿಂದ ಆ ಮಗಳಿಗೆ, "ಅವಸರ ಬೇಡ ತಾಯಿ. ಮೊದಲು ನಿನ್ನ ತಂದೆಯನ್ನೂ ಮಗನನ್ನೂ ಕರೆದುಕೊಂಡು ಒಮ್ಮೆ ಕಾರವಾರಕ್ಕೆ ಹೋಗಿಬರೋಣ" ಎಂದೆವು.

ಕೊಲೆಯ ಆಯುಧಗಳ ವಿಷಯ ಈ ಪುಟಗಳಲ್ಲಿ ಏಕೆಂದು ಕೆಲವು ಓದುಗರು ಹುಬ್ಬೇರಿಸಬಹುದು. ಆದರೆ ಈ ಪತ್ರಿಕೆ ಬರುವ ಎಷ್ಟೋ ಮನೆಗಳ ಮಕ್ಕಳು ಇಂದು ಆ ನೌಕೆಗಳಲ್ಲಿ, ಆ ವಿಮಾನಗಳ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಮಕ್ಕಳು ಮುಟ್ಟುವ ವಸ್ತು ಎಂಥದೆಂದು ಹಿರಿಯರು ತಿಳಿಯದೆ ಇರುವುದು ಸರಿಯೆಂದು ನಮಗೆ ತೋರುವುದಿಲ್ಲ.

ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ, ಅರಬೈಲು ಘಟ್ಟವಿಳಿದು, ಅಂಕೋಲೆಯ ಮೇಲೆ ಕಾರವಾರ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕವಿ ರವೀಂದ್ರರ ಹೆಸರು ಹೊತ್ತ ಕಡಲತೀರದಲ್ಲಿ, ಮರಳಿನ ಪಕ್ಕದಲ್ಲಿಯೇ, ಬೂದು ಬಣ್ಣದ ನೌಕೆಯೊಂದನ್ನು ದಡಕ್ಕೇರಿಸಿ ನಿಲ್ಲಿಸಿದ್ದಾರೆ. ಅದರ ಹೆಸರು 'ಚಪಲ್'. ಸೋವಿಯತ್ ರಷ್ಯದಲ್ಲಿ ಹುಟ್ಟಿದ ಕ್ಷಿಪಣಿ ದೋಣಿ. 1976ರಲ್ಲಿ ನಮ್ಮ ನೌಕಾದಳ ಸೇರಿ, 2005ರಲ್ಲಿ ನಿವೃತ್ತಿ ಹೊಂದಿ, 2006ರಿಂದ ಇಲ್ಲಿ ವಸ್ತುಸಂಗ್ರಹಾಲಯವಾಗಿದೆ. ಕರಾಚಿಯನ್ನು ಸುಟ್ಟದ್ದು ಇದೇ ದೋಣಿಯೆಂದು ಬಂದವರಲ್ಲಿ ಅನೇಕರು ತಮ್ಮ ಮಕ್ಕಳಿಗೆ ಹೇಳುತ್ತಿರುವುದನ್ನು ಕೇಳಿದೆವು. ಅದು ತಪ್ಪು. ಆ ಕೆಲಸ ಮಾಡಿದವು ಇದಕ್ಕಿಂತ ಐದು ವರ್ಷ ಮೊದಲು ಬಂದ ಇದರ ಅಕ್ಕಂದಿರು. ಹೆಸರಿನ ಬಗ್ಗೆಯೂ ಒಂದು ಮಾತು. ಸಂಸ್ಕೃತದಲ್ಲಿ ಚಪಲವೆಂದರೆ ವೇಗವುಳ್ಳದ್ದು, ನಿಂತಲ್ಲಿ ನಿಲ್ಲದ್ದು, ಚಪಲೆಯೆಂದರೆ ಮಿಂಚು. ಕನ್ನಡದಲ್ಲಿ ಅದು ನಾಲಗೆಯ ಚಪಲವಾಗಿ ಕೆಳಗಿಳಿದಿದೆ. ಹೆಸರಿಟ್ಟವರು ಮಿಂಚನ್ನೇ ನೆನೆದಿರಬೇಕು.

ನಮ್ಮ ಗೆಳೆಯರು ಇದೇ ದೋಣಿಯಲ್ಲಲ್ಲ, ಇದೇ ಜಾತಿಯ ಇನ್ನೊಂದರಲ್ಲಿ ನಾಲ್ಕು ವರ್ಷ ಇದ್ದವರು. ಒಳಗೆ ಕಾಲಿಟ್ಟೊಡನೆ ಅವರ ನಡಿಗೆಯೇ ಬದಲಾಯಿತು. ಅರವತ್ತಾರರ ಮಂಡಿನೋವು ಮರೆತು, ತಲೆ ತಗ್ಗಿಸಬೇಕಾದ ಕಡೆ ನೋಡದೆಯೇ ತಗ್ಗಿಸುತ್ತ, ಕಡಿದಾದ ಕಬ್ಬಿಣದ ಏಣಿಯನ್ನು ಕಟ್ಟೆ ಇಳಿದಂತೆ ಇಳಿದರು. ನೌಕೆಯ ಉದ್ದ ಮೂವತ್ತೆಂಟೂವರೆ ಮೀಟರ್. ತೂಕ ಇನ್ನೂರು ಟನ್ನಿನ ಮೇಲೆ ಚಿಲ್ಲರೆ. ಇಷ್ಟು ಸಣ್ಣ ಒಡಲಿನಲ್ಲಿ ಸುಮಾರು ಮೂವತ್ತು ಜನರ ವಾಸ. ಅದನ್ನು ಓಡಿಸಲು ಮೂರು ಡೀಸೆಲ್ ಎಂಜಿನ್ನುಗಳು. ಒಂದೊಂದಕ್ಕೂ ಐವತ್ತಾರು ಸಿಲಿಂಡರು, ಒಂದೊಂದರ ಬಲ ಐದು ಸಾವಿರ ಅಶ್ವಶಕ್ತಿ. ಚಕ್ರದ ಅರೆಗಳಂತೆ ನಡುದಂಡದ ಸುತ್ತ ಏಳು ಸಾಲು ಸಿಲಿಂಡರುಗಳನ್ನು ಜೋಡಿಸಿರುತ್ತಾರೆ. ನಮ್ಮ ರೈತಾಪಿ ಮನೆಗಳವರಿಗೆ ತಿಳಿಯುವಂತೆ ಹೇಳಬೇಕೆಂದರೆ, ಮುನ್ನೂರಕ್ಕೂ ಹೆಚ್ಚು ಟ್ರ್ಯಾಕ್ಟರುಗಳ ಬಲವನ್ನು ಒಂದು ಸಣ್ಣ ಕೋಣೆಯಲ್ಲಿ ತುಂಬಿದಂತೆ. ಅಲ್ಲಿ ಮಾತಿಲ್ಲ, ಕೈಸನ್ನೆ ಮಾತ್ರ. ಗೆಳೆಯರ ಎಡಗಿವಿ ಹೋದದ್ದು ಅಲ್ಲಿಯೇ. ಅವರು ಯಾವಾಗಲೂ ನಮ್ಮ ಎಡಕ್ಕೆ ಬಂದು ಕೂರುವುದನ್ನು ನಾವು ವರ್ಷಗಳಿಂದ ಕಂಡಿದ್ದೆವು. ತಮ್ಮ ಬಲಗಿವಿ ನಮ್ಮ ಕಡೆಗಿರಲೆಂದು ಹಾಗೆ ಕೂರುತ್ತಿದ್ದರೆಂಬುದು ಅಂದು ತಿಳಿಯಿತು.

ಮೇಲಿನ ಅಟ್ಟಣೆಯ ಎರಡೂ ಬದಿಗೆ ಎರಡೆರಡರಂತೆ ನಾಲ್ಕು ದೊಡ್ಡ ಕೊಳವೆಗಳು. ಒಂದೊಂದರಲ್ಲಿಯೂ ಒಂದು ಕ್ಷಿಪಣಿ. ಪಾಶ್ಚಾತ್ಯರು ಇದಕ್ಕೆ ಸ್ಟಿಕ್ಸ್ ಎಂಬ ಹೆಸರಿಟ್ಟರು. ಗ್ರೀಕರ ಪುರಾಣದಲ್ಲಿ ಅದು ಸತ್ತವರ ಲೋಕವನ್ನು ಬಳಸಿ ಹರಿಯುವ ನದಿ, ನಮ್ಮ ವೈತರಣಿಯಂತೆ. ಎರಡು ಟನ್ನಿಗೂ ಮೀರಿದ ತೂಕ, ಮೂತಿಯ ಹಿಂದೆ ಅರ್ಧ ಟನ್ನಿನಷ್ಟು ಸಿಡಿಮದ್ದು, ಪುಟ್ಟ ವಿಮಾನದಂತೆ ಮೋಟು ರೆಕ್ಕೆಗಳು. ಒಳಗೆ ಎರಡು ದ್ರವಗಳು ಬೇರೆ ಬೇರೆ ತೊಟ್ಟಿಗಳಲ್ಲಿರುತ್ತವೆ. ಅವುಗಳಲ್ಲೊಂದು ನೈಟ್ರಿಕ್ ಆಮ್ಲದ ಜಾತಿಯದು. ಒಂದನ್ನೊಂದು ಮುಟ್ಟಿದರೆ ಸಾಕು, ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತವೆ. ಅವುಗಳ ಹಬೆಯೇ ವಿಷ. ತುಂಬುವವರು ಮೈಗೆಲ್ಲ ರಬ್ಬರಿನ ಅಂಗಿ, ಮುಖಕ್ಕೆ ಮುಸುಕು ತೊಟ್ಟು ಬೇಸಿಗೆಯ ಬಿಸಿಲಲ್ಲಿ ನಿಲ್ಲಬೇಕಿತ್ತು. ಶತ್ರುವಿಗಿಂತ ಮೊದಲು ಹೊತ್ತವನನ್ನೇ ಕಾಡುವ ಆಯುಧವೆಂದು ಗೆಳೆಯರು ನಕ್ಕರು.

ಇದು ಗುರಿಯನ್ನು ಹೇಗೆ ಹುಡುಕುತ್ತದೆಂಬುದು ನಮಗೆ ಹೊಸ ಸಂಗತಿ. ಆದುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಮರಳಿನ ಮೇಲೆ ನಿಂತ ಮನುಷ್ಯನಿಗೆ ಕಾಣುವ ಕಡಲಂಚು ಬಲು ದೂರವೆಂದು ತೋರಿದರೂ ಅದು ಬರೀ ನಾಲ್ಕೈದು ಕಿಲೊಮೀಟರು. ಭೂಮಿ ದುಂಡಗಿರುವುದರಿಂದ ಅದರಾಚೆಗಿನದು ಬಾಗಿನ ಮರೆಗೆ ಹೋಗುತ್ತದೆ. ರಾಡಾರಿನ ಅಲೆಗಳೂ ಹೆಚ್ಚುಕಡಿಮೆ ನೇರವಾಗಿಯೇ ಸಾಗುವುದರಿಂದ ಹಡಗಿನ ಕಂಬದ ಮೇಲಿನ ರಾಡಾರಿಗೆ ಮೂವತ್ತು ನಲವತ್ತು ಕಿಲೊಮೀಟರಿನಾಚೆಗೆ ಇನ್ನೊಂದು ಹಡಗು ಕಾಣುವುದು ಕಷ್ಟ. ಕಂಡರೂ ಹೇಗೆ ಕಾಣುತ್ತದೆ? ಕತ್ತಲೆಯ ಗಾಜಿನ ಮೇಲೆ ಒಂದು ಹಸಿರು ಚುಕ್ಕೆ. ಯುದ್ಧನೌಕೆಯೂ ಚುಕ್ಕೆ, ಅಕ್ಕಿ ಹೊತ್ತ ವ್ಯಾಪಾರದ ಹಡಗೂ ಚುಕ್ಕೆ. ಆ ಚುಕ್ಕೆಯ ದಿಕ್ಕು ದೂರಗಳನ್ನು ಕ್ಷಿಪಣಿಗೆ ಹೇಳಿ ಬಿಡುತ್ತಾರೆ. ಅದು ಮೊದಲು ತನ್ನೊಳಗಿನ ಯಂತ್ರದ ಮೇಲೆಯೇ ನೇರ ಹಾರುತ್ತದೆ. ಕೊನೆಯ ಕೆಲವು ಕಿಲೊಮೀಟರುಗಳಲ್ಲಿ ಮೂತಿಯಲ್ಲಿರುವ ಪುಟ್ಟ ರಾಡಾರಿನ ಕಣ್ಣು ತೆರೆದು, ಎದುರಿಗೆ ಬಲವಾಗಿ ಮಾರ್ದನಿ ಕೊಟ್ಟ ವಸ್ತುವಿನ ಕಡೆಗೆ ತಿರುಗಿಕೊಳ್ಳುತ್ತದೆ. ಅದಕ್ಕೆ ಧ್ವಜ ಕಾಣುವುದಿಲ್ಲ. ದೊಡ್ಡದು, ಚಿಕ್ಕದು ಎಂಬ ಭೇದವಷ್ಟೇ ಗೊತ್ತು.

ಇಂಥ ಆಯುಧ ಮೊದಲು ಹಡಗೊಂದನ್ನು ಮುಳುಗಿಸಿದ್ದು 1967ರ ಅಕ್ಟೋಬರ್ 21ರಂದು. ಈಜಿಪ್ಟಿನ ಸಣ್ಣ ದೋಣಿಗಳು ಪೋರ್ಟ್ ಸೈದ್ ಬಂದರಿನಿಂದ ಹೊರಗೆ ಬಾರದೆಯೇ ಇಸ್ರೇಲಿನ 'ಐಲಾತ್' ಎಂಬ ದೊಡ್ಡ ಯುದ್ಧನೌಕೆಗೆ ಈ ಕ್ಷಿಪಣಿಗಳನ್ನು ಬಿಟ್ಟವು. ನಲವತ್ತೇಳು ನಾವಿಕರು ಸತ್ತರು. ಅಂದಿನಿಂದ ಜಗತ್ತಿನ ನೌಕಾದಳಗಳೆಲ್ಲ ಬೆಚ್ಚಿ ತಮ್ಮ ಹಡಗುಗಳ ವಿನ್ಯಾಸವನ್ನೇ ಬದಲಿಸಿಕೊಂಡವು. ಉಪಾಯವೂ ಹುಟ್ಟಿತೆನ್ನಿ: ಲೋಹ ಬಳಿದ ಸಣ್ಣ ಎಳೆಗಳನ್ನು ಗಾಳಿಗೆ ತೂರಿದರೆ ಅವೇ ಹಡಗಿನಂತೆ ಮಾರ್ದನಿ ಕೊಟ್ಟು ಕ್ಷಿಪಣಿ ಮೋಸಹೋಗುತ್ತದೆ. 1973ರ ಅಕ್ಟೋಬರಿನಲ್ಲಿ ಸಿರಿಯಾದ ಲತಾಕಿಯಾದ ಮುಂದೆ ಇಸ್ರೇಲಿನವರು ಇಂಥ ಮಾಯೆಗಳನ್ನು ಹೂಡಿದಾಗ ಸಿರಿಯಾದ ಸ್ಟಿಕ್ಸ್ ಒಂದೂ ತಗಲಲಿಲ್ಲ.

ನಮ್ಮ ಕರಾಚಿಯ ರಾತ್ರಿ ಈ ಎರಡರ ನಡುವಿನದು. 1971ರ ಡಿಸೆಂಬರ್ 4ರ ರಾತ್ರಿ 'ನಿಪಾತ್', 'ನಿರ್ಘಾತ್', 'ವೀರ್' ಎಂಬ ಮೂರು ದೋಣಿಗಳು 'ಕಿಲ್ತಾನ್', 'ಕಚ್ಚಾಲ್' ಎಂಬ ಎರಡು ನೌಕೆಗಳ ಜೊತೆಯಲ್ಲಿ ಕರಾಚಿಯ ಕಡೆಗೆ ಹೊರಟವು. ತಮ್ಮ ತೀರ ಕಾಯಲೆಂದು ರಷ್ಯನ್ನರು ಕಟ್ಟಿದ ದೋಣಿಗಳನ್ನು ನಮ್ಮವರು ಪರರ ತೀರಕ್ಕೆ ಒಯ್ದದ್ದು ಅಂದಿನ ಸಾಹಸ. ದೋಣಿಯವರು ರಷ್ಯಕ್ಕೆ ಹೋಗಿ ಕಲಿತು ಬಂದಿದ್ದರಾದ್ದರಿಂದ, ಕದ್ದು ಕೇಳುವವರಿಗೆ ಅರ್ಥವಾಗದಿರಲೆಂದು ವಯರ್‌ಲೆಸ್ಸಿನಲ್ಲಿ ರಷ್ಯನ್ ಭಾಷೆಯಲ್ಲಿ ಮಾತಾಡಿಕೊಂಡರಂತೆ. 'ಖೈಬರ್' ಎಂಬ ಪಾಕಿಸ್ತಾನದ ಯುದ್ಧನೌಕೆ, 'ಮುಹಾಫಿಜ್' ಎಂಬ ಚಿಕ್ಕ ನೌಕೆ, 'ವೀನಸ್ ಚಾಲೆಂಜರ್' ಎಂಬ ಸರಕಿನ ಹಡಗು ಮುಳುಗಿದವು. ಕೇಮಾರಿಯ ಎಣ್ಣೆ ಸಂಗ್ರಹಗಳು ಉರಿದವು. ನಮ್ಮವರಲ್ಲಿ ಒಬ್ಬರಿಗೂ ಗಾಯವಿಲ್ಲ. ಡಿಸೆಂಬರ್ 4 ಇಂದಿಗೂ ನೌಕಾದಿನ.

ಇಷ್ಟು ನಮಗೆ ರೇಡಿಯೊದಿಂದಲೂ ಮುಂದೆ ಪುಸ್ತಕಗಳಿಂದಲೂ ಗೊತ್ತಿತ್ತು. ಗೆಳೆಯರು ಹೇಳಿದ್ದು ಇನ್ನೊಂದು ಮಗ್ಗುಲು. ದೋಣಿಯ ಮೇಲೆ ಮಗನನ್ನೂ ಮಗಳನ್ನೂ ಕೂರಿಸಿಕೊಂಡಂತೆ ಮೊಮ್ಮಗನನ್ನೂ ಅವನ ತಾಯಿಯನ್ನೂ ಹತ್ತಿರ ಕರೆದು ಹೇಳಿದರು. ಖೈಬರಿನ ಮೇಲೆ ಮೊದಲ ಕ್ಷಿಪಣಿ ಬಡಿದಾಗ ಅದರ ನಾವಿಕರಿಗೆ ತಮ್ಮನ್ನು ಹೊಡೆದವರು ಯಾರೆಂದೇ ತಿಳಿಯಲಿಲ್ಲ. ಆಕಾಶದಲ್ಲಿ ಬರುತ್ತಿದ್ದ ಬೆಂಕಿಯನ್ನು ಕಂಡು ವಿಮಾನವೆಂದು ಬಗೆದು, ವಿಮಾನದಾಳಿಯಾಗಿದೆಯೆಂದೇ ಕೇಂದ್ರಕ್ಕೆ ಸುದ್ದಿ ಕಳಿಸಿದರು. ಆ ಗಲಿಬಿಲಿಯಲ್ಲಿ ಕಳಿಸಿದ ತಮ್ಮ ನೆಲೆಯ ಗುರುತೂ ತಪ್ಪಾಗಿತ್ತು. ಕಾಪಾಡಲು ಹೊರಟವರು ಬೇಗ ತಲುಪಲಾಗಲಿಲ್ಲ. ಇನ್ನೂರಕ್ಕೂ ಹೆಚ್ಚು ಜನ ಹೋದರು. ಮುಹಾಫಿಜ್ ಮುಳುಗುವ ಮೊದಲು ಒಂದು ಸುದ್ದಿ ಕಳಿಸುವಷ್ಟು ಹೊತ್ತೂ ಸಿಗಲಿಲ್ಲ. ನಾಲ್ಕು ದಿನಗಳ ಮೇಲೆ 'ವಿನಾಶ್' ದೋಣಿ ಮತ್ತೆ ಕರಾಚಿಗೆ ಹೋಗಿ ನಾಲ್ಕು ಕ್ಷಿಪಣಿ ಬಿಟ್ಟಾಗ ಎಣ್ಣೆಯ ತೊಟ್ಟಿಯೂ ಶತ್ರುವಿನ ಎಣ್ಣೆಹಡಗೂ ಉರಿದದ್ದು ಸರಿ; ಪನಾಮ ದೇಶದ ಧ್ವಜದ ವ್ಯಾಪಾರಿ ಹಡಗೊಂದು ಮುಳುಗಿ, ಬ್ರಿಟಿಷರದೊಂದು ಜಖಂ ಆಯಿತು. ಆ ಎರಡಕ್ಕೂ ಈ ಯುದ್ಧಕ್ಕೂ ಏನು ಸಂಬಂಧ? ಕತ್ತಲೆಯಲ್ಲಿ ಅವೂ ಚುಕ್ಕೆಗಳೇ.

ಭಯ ಹಿಡಿದವರ ಕಣ್ಣು ಇನ್ನೂ ಕುರುಡು. ಆ ದಿನಗಳಲ್ಲಿಯೇ, ಡಿಸೆಂಬರ್ 6ರಂದು, ಭಾರತದ ಕ್ಷಿಪಣಿ ದೋಣಿ ಬಂತೆಂದು ತಿಳಿದು ಪಾಕಿಸ್ತಾನದ ವಿಮಾನಗಳು ತಮ್ಮದೇ 'ಜುಲ್ಫಿಕರ್' ನೌಕೆಯ ಮೇಲೆ ಗುಂಡಿನ ಮಳೆಗರೆದವು. ಹಗಲಿನಲ್ಲಿ, ಕಣ್ಣಾರೆ ಕಂಡು!

ಆ ಹುಡುಗ ಇದನ್ನು ಕೇಳಿ ನಗುವವನಿದ್ದ. ಅಜ್ಜ ಕೈಯೆತ್ತಿ ತಡೆದರು. "ನಗಬ್ಯಾಡ. ಮೂರು ದಿನಕ್ಕ ನಮ್ಮ ಖುಕ್ರಿ ಹೋತು" ಎಂದರು. ಡಿಸೆಂಬರ್ 9ರ ರಾತ್ರಿ ದೀವ್‌ನ ಹತ್ತಿರ 'ಹಂಗೋರ್' ಎಂಬ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪಿಡೊ ತಗಲಿ ನಮ್ಮ ಯುದ್ಧನೌಕೆ 'ಖುಕ್ರಿ' ನಿಮಿಷಗಳಲ್ಲಿ ಮುಳುಗಿತು. ಹದಿನೆಂಟು ಅಧಿಕಾರಿಗಳು, ನೂರ ಎಪ್ಪತ್ತಾರು ನಾವಿಕರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ಇತರರನ್ನು ಉಳಿಸಲು ಹೆಣಗುತ್ತ ನೌಕೆಯೊಡನೆಯೇ ಹೋದರು. ಗೆಳೆಯರು ದಳ ಸೇರಿದ ಕಾಲಕ್ಕೆ ಅವರಿಗೆ ಪಾಠ ಹೇಳಿದ ಹಿರಿಯ ನಾವಿಕರಲ್ಲಿ ಕೆಲವರು ಖುಕ್ರಿಯಲ್ಲಿ ಒಡನಾಡಿಗಳನ್ನು ಕಳೆದುಕೊಂಡವರು. ಅವರು ಕರಾಚಿಯ ಕಥೆಯನ್ನು ಗೆಲುವಿನಿಂದ ಹೇಳುತ್ತಿದ್ದರಂತೆ. ಖೈಬರಿನವರ ಕಥೆ ಬಂದಾಗ ಮಾತ್ರ ದನಿ ಇಳಿಯುತ್ತಿತ್ತಂತೆ. ನೀರಿಗೆ ಬಿದ್ದವನಿಗೆ ರಾತ್ರಿ ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು.

ಇಲ್ಲಿ ನಮಗೆ 1984ರ ಪಂಕ್ತಿ ನೆನಪಾಯಿತು. ನಾವು ಶಾಸ್ತ್ರದಿಂದ ತೆಗೆದು ಇವರ ಮುಂದೆ ಎಸೆದ ಪ್ರಶ್ನೆಯನ್ನು ಇವರು ನಮಗಿಂತ ಮೊದಲೇ, ನಮಗಿಂತ ಹತ್ತಿರದಿಂದ ಕೇಳಿಕೊಂಡಿದ್ದರು.

ಮೊಮ್ಮಗನ ಉತ್ಸಾಹ ಬೇರೆ ದಿಕ್ಕಿನದು. ಅವನ ಬಾಯಲ್ಲಿ ಬ್ರಹ್ಮೋಸ್, ಸುಖೋಯ್, ತೇಜಸ್ ಎಂಬ ಹೆಸರುಗಳು ನಮ್ಮ ಬಾಯಲ್ಲಿ ಅಮರಕೋಶ ಬಂದಂತೆ ಬರುತ್ತವೆ. 2001ರ ಜೂನ್ 12ರಂದು ಮೊದಲು ಹಾರಿಸಿದ ಬ್ರಹ್ಮೋಸ್ ಕ್ಷಿಪಣಿಯ ವೇಗ ಶಬ್ದದ ಎರಡು ಮುಕ್ಕಾಲು ಪಟ್ಟಿಗೂ ಹೆಚ್ಚು. 2017ರ ನವೆಂಬರಿನಲ್ಲಿ ಅದನ್ನು ಸುಖೋಯ್-30 ವಿಮಾನದ ಹೊಟ್ಟೆಗೆ ಕಟ್ಟಿ ಹಾರಿಸಿದರು. ಕಾರವಾರಕ್ಕೆ ಹತ್ತಿರದ ಕದಂಬ ನೌಕಾನೆಲೆಗೆ ಸೇರಿದ ವಿಮಾನವಾಹಕ ನೌಕೆ 'ವಿಕ್ರಮಾದಿತ್ಯ'ದ ತೂಕ ನಲವತ್ತನಾಲ್ಕು ಸಾವಿರ ಟನ್ನಿನ ಮೇಲೆ. ಬೆಂಗಳೂರಿನ ವಿಮಾನ ವಿಜ್ಞಾನಿಗಳ ಶ್ರಮದ ಫಲವಾದ ತೇಜಸ್‌ನ ನೌಕಾ ಮಾದರಿ 2020ರ ಜನವರಿ 11ರಂದು ಅದರ ಅಟ್ಟಣೆಯ ಮೇಲೆ ಉಕ್ಕಿನ ಹಗ್ಗ ಹಿಡಿದು ಇಳಿಯಿತು. ಎಲ್ಲವನ್ನೂ ಹುಡುಗ ಒಂದೇ ಉಸಿರಿಗೆ ಹೇಳಿದ. ಕೇಳಲು ನಮಗೂ ಹೆಮ್ಮೆಯೇ. ಬನವಾಸಿಯ ಕದಂಬರ ಹೆಸರು ಒಂದು ನೌಕಾನೆಲೆಗೆ ಬಂದದ್ದೂ ಸಂತೋಷವೇ.

"ಎಷ್ಟು ಹೊತ್ತು ಸಿಗತೈತಿ?" ಎಂದು ಅಜ್ಜ ಕೇಳಿದರು. ಹುಡುಗನಿಗೆ ಪ್ರಶ್ನೆ ತಿಳಿಯಲಿಲ್ಲ. ಅವರು ಲೆಕ್ಕ ಹೇಳಿಕೊಟ್ಟರು. ಹಳೆಯ ಸ್ಟಿಕ್ಸ್ ನಲವತ್ತು ಕಿಲೊಮೀಟರು ಹೋಗಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಬ್ರಹ್ಮೋಸ್‌ನಂಥದಕ್ಕೆ ಮುಕ್ಕಾಲು ನಿಮಿಷ ಸಾಕು. ಎದುರಿನವನ ಹತ್ತಿರವೂ ಅಂಥದೇ ಇದ್ದರೆ, ಬರುತ್ತಿರುವುದು ಏನು, ಯಾರದು ಎಂದು ತೀರ್ಮಾನಿಸಲು ಕುಳಿತ ಹುಡುಗನಿಗೆ ದೊರೆಯುವುದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ದೂರ ಹೆಚ್ಚಿದಂತೆ, ವೇಗ ಹೆಚ್ಚಿದಂತೆ ಹೊಡೆಯುವುದು ಸುಲಭವಾಗಿದೆ. ಹೊಡೆಯುತ್ತಿರುವುದು ಯಾರನ್ನೆಂದು ಅರಿಯುವುದು ಮಾತ್ರ ಅಷ್ಟೇ ಕಠಿಣವಾಗುತ್ತ ಬಂದಿದೆ. ಗುರಿ ಬಲಿತಿದೆ, ಗುರುತು ಹಿಂದುಳಿದಿದೆ.

ಇದಕ್ಕೆ ಅವರು ಕೊಟ್ಟ ಉದಾಹರಣೆ ನಮ್ಮ ನಿದ್ದೆ ಕೆಡಿಸಿತು. 1988ರ ಜುಲೈ 3ರಂದು ಇರಾನಿನ ಪ್ರಯಾಣಿಕ ವಿಮಾನವೊಂದು ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿತು. ಕೆಳಗೆ ಕೊಲ್ಲಿಯಲ್ಲಿ ಅಮೆರಿಕದ 'ವಿನ್ಸೆನ್ಸ್' ಎಂಬ ಯುದ್ಧನೌಕೆ. ಅಂದಿನ ಜಗತ್ತಿನ ಅತ್ಯುತ್ತಮ ರಾಡಾರು, ಗಣಕಯಂತ್ರಗಳು ಅದರಲ್ಲಿದ್ದವು. ಯಂತ್ರಗಳು ತಪ್ಪಲಿಲ್ಲ: ವಿಮಾನ ಮೇಲೇರುತ್ತಿದೆ, ನಾಗರಿಕ ವಿಮಾನದ ಸಂಕೇತ ಕೊಡುತ್ತಿದೆಯೆಂದೇ ಅವು ದಾಖಲಿಸಿದ್ದವು. ಆದರೆ ಅದೇ ಹೊತ್ತಿಗೆ ಇರಾನಿನ ದೋಣಿಗಳೊಡನೆ ಕಾದಾಟದಲ್ಲಿ ತೊಡಗಿದ್ದ ಆ ನೌಕೆಯವರ ಮನಸ್ಸಿಗೆ ಅದು ತಮ್ಮ ಮೇಲೆರಗಲು ಕೆಳಗಿಳಿಯುತ್ತಿರುವ ಯುದ್ಧವಿಮಾನವೆಂದೇ ತೋರಿತು. ವಿಮಾನ ನೆಲಬಿಟ್ಟ ಏಳು ನಿಮಿಷಕ್ಕೆ ಎರಡು ಕ್ಷಿಪಣಿಗಳು ಹೊರಟವು. ಇನ್ನೂರ ತೊಂಬತ್ತು ಜನ. ಅವರಲ್ಲಿ ಅರವತ್ತಾರು ಮಕ್ಕಳು.

ಪರದೇಶದವರ ಮಾತು ಬಿಡೋಣವೆಂದರೆ, 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡಗಾಮಿನಲ್ಲಿ ನಮ್ಮದೇ ವಾಯುದಳದ ಮಿಗ್ ಅಲ್ಲ, ಸಾಗಣೆಯ ಎಂ.ಐ.-17 ಹೆಲಿಕಾಪ್ಟರನ್ನು ನಮ್ಮದೇ ಕ್ಷಿಪಣಿ ಉರುಳಿಸಿತು. ಆರು ಮಂದಿ ವಾಯುಯೋಧರೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು. ಅದು ನಮ್ಮ ದೊಡ್ಡ ತಪ್ಪೆಂದು ಅದೇ ವರ್ಷದ ಅಕ್ಟೋಬರಿನಲ್ಲಿ ವಾಯುದಳದ ಮುಖ್ಯಸ್ಥರೇ ಒಪ್ಪಿಕೊಂಡರು. 2022ರ ಮಾರ್ಚ್ 9ರಂದು ಕ್ಷಿಪಣಿಯೊಂದು ಪ್ರಮಾದವಶಾತ್ ಹಾರಿ ಪಾಕಿಸ್ತಾನದ ನೆಲದಲ್ಲಿ ಹೋಗಿ ಬಿದ್ದುದನ್ನೂ ಸರ್ಕಾರ ಒಪ್ಪಿಕೊಂಡಿತು. ಅಂದು ಯಾರೂ ಸಾಯಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವ ಸೇನೆ ನಮ್ಮದೆಂಬುದು ಗೌರವದ ಮಾತೇ ಸರಿ. ಆದರೆ ಆ ಏಳು ಮನೆಗಳ ತಾಯಂದಿರ ಮುಂದೆ ಆ ಗೌರವವನ್ನು ಹೇಗೆ ಹೇಳುವುದೋ ನಮಗೆ ತಿಳಿಯದು.

"ಹಂಗಾರ ತಮ್ಮವರು ಯಾರು ಅಂತ ಯಂತ್ರಕ್ಕ ಗೊತ್ತಾಗೂದs ಇಲ್ಲೇನು?" ಎಂದು ತಾಯಿ ಕೇಳಿದಳು. ಅಲ್ಲಿಯವರೆಗೆ ಅವಳು ಮಾತಾಡಿರಲಿಲ್ಲ. ಗೊತ್ತಾಗುವ ಏರ್ಪಾಟು ಇದೆ. ನೆಲದ ಮೇಲಿನ ಯಂತ್ರ ಗುಪ್ತಸಂಕೇತದಲ್ಲಿ 'ನೀನು ಯಾರು' ಎಂದು ರೇಡಿಯೊ ಅಲೆಯ ಮೂಲಕ ಕೇಳುತ್ತದೆ. ತಮ್ಮವರ ವಿಮಾನದಲ್ಲಿರುವ ಯಂತ್ರ ಸರಿಯಾದ ಸಂಕೇತದಿಂದ ಉತ್ತರ ಕೊಡುತ್ತದೆ. ಹಳ್ಳಿಯ ಕಾವಲುಗಾರ ಕತ್ತಲೆಯಲ್ಲಿ 'ಯಾರಲೇ' ಎಂದು ಕೂಗಿದಂತೆಯೇ. ಉತ್ತರ ಬಂದರೆ ತಮ್ಮವನು, ನಿಜ. ಉತ್ತರ ಬಾರದಿದ್ದರೆ? ಶತ್ರುವೆಂದು ಅರ್ಥವಲ್ಲ. ಯಂತ್ರ ಕೆಟ್ಟಿರಬಹುದು, ಮುಚ್ಚಿರಬಹುದು, ಅಥವಾ ಈ ಜಗಳವೇ ಬೇಡದ ದಾರಿಹೋಕನಿರಬಹುದು. ಗೊತ್ತಿಲ್ಲವೆಂಬುದಷ್ಟೇ ಅದರ ಅರ್ಥ. ಗೊತ್ತಿಲ್ಲ ಎಂಬುದನ್ನು ಶತ್ರು ಎಂದು ಓದಿಕೊಳ್ಳುವುದು ಯಂತ್ರವಲ್ಲ, ಯಂತ್ರದ ಮುಂದೆ ಕುಳಿತವನು.

ಗೆಳೆಯರು ಒಂದು ಸಂಗತಿ ಹೇಳಿದರು. ಒಂದು ಅಭ್ಯಾಸದ ರಾತ್ರಿ, ಗುಂಡು ಹಾರಿಸುವ ಕ್ಷೇತ್ರದಲ್ಲಿ ಯಾವ ದೋಣಿಯೂ ಇಲ್ಲವೆಂದು ಎಲ್ಲರೂ ಖಾತ್ರಿ ಮಾಡಿಕೊಂಡಿದ್ದರು. ರಾಡಾರಿನ ಮುಂದೆ ಕುಳಿತಿದ್ದ ಇಪ್ಪತ್ತರ ಹುಡುಗನೊಬ್ಬ ಒಂದು ಚುಕ್ಕೆ ತನಗೆ ಸರಿಯೆನಿಸುತ್ತಿಲ್ಲವೆಂದ. ಮೇಲಿನವರು ಅಲೆಯ ಮಾರ್ದನಿಯೆಂದು ಗದರಿದರು. ಅವನು ಮತ್ತೆ ಅದನ್ನೇ ಹೇಳಿದ. ಮೂರನೆಯ ಸಲವೂ ಹೇಳಿದ ಮೇಲೆ ಅಭ್ಯಾಸ ನಿಲ್ಲಿಸಿ ನೋಡಿದರೆ ದಾರಿತಪ್ಪಿದ ಮೀನುಗಾರರ ದೋಣಿ. ದೀಪವಿಲ್ಲದೆ, ಐದು ಜನ. "ಕೆಳಗ ಎಂಜಿನ್ನಿನ್ಯಾಗ ಇದ್ದ ನಮಗ ಇದು ಮರುದಿನ ತಿಳೀತು. ಅವಗ ಪದಕ ಏನೂ ಬರಲಿಲ್ಲ. ಆ ದಿನದಾಗ ಅಭ್ಯಾಸ ಹಾಳಾತು ಅಂತ ಬೈಸಿಕೊಂಡ" ಎಂದು ನಕ್ಕು, ಮೊಮ್ಮಗನ ಕಡೆ ತಿರುಗಿ, "ನಿನಗ ಬ್ರಹ್ಮೋಸ್ ಗೊತ್ತೈತಿ. ಹಂಗ ಬೈಸಿಕೊಳ್ಳಾಕ ಬರತೈತೇನು?" ಎಂದರು. ಹುಡುಗ ಉತ್ತರ ಕೊಡಲಿಲ್ಲ. ಆದರೆ ಅಲ್ಲಿಂದ ಮುಂದೆ ಅವನು ವೇಗದ ಅಂಕಿ ಹೇಳುವುದನ್ನು ಬಿಟ್ಟು ಪ್ರಶ್ನೆ ಕೇಳತೊಡಗಿದ. ಟಾರ್ಪಿಡೊ ಶಬ್ದದ ಜಾಡು ಹೇಗೆ ಹಿಡಿಯುತ್ತದೆ, ಸಮುದ್ರಕ್ಕೆ ಬಿದ್ದವರನ್ನು ಎತ್ತುವ ಕ್ರಮವೇನು, ಹೀಗೆ.

ಸಂಜೆ ಅವರಿಬ್ಬರೂ ನೀರಿನಂಚಿಗೆ ನಡೆದಾಗ ನಾವು ಗೆಳೆಯರೊಡನೆ ಮರಳಿನ ಮೇಲೆ ಕುಳಿತೆವು. ಕಾಳಿ ನದಿ ಸೇರುವ ಕಡೆ ಮೀನುದೋಣಿಗಳು ಮರಳುತ್ತಿದ್ದವು. ನಲವತ್ತು ವರ್ಷಗಳಿಂದ ಗಂಟಲಿನಲ್ಲಿದ್ದ ಮಾತನ್ನು ಹೇಗೋ ಹೊರತಂದು, ಅಂದಿನ ಪಂಕ್ತಿಯಲ್ಲಿ ನಾವು ಆಡಿದ್ದು ತಪ್ಪು, ಕ್ಷಮಿಸಬೇಕು ಎಂದೆವು. ಅವರು ಕಡಲನ್ನೇ ನೋಡುತ್ತಿದ್ದರು. ನಾವು ಅವರ ಎಡಕ್ಕೆ ಕುಳಿತುಬಿಟ್ಟಿದ್ದೆವು! "ಏನಂದಿ ಶಾಸ್ತ್ರಿ?" ಎಂದು ಬಲಗಿವಿ ತಿರುಗಿಸಿದರು. ಗಾಳಿ ಬೇರೆ ಜೋರಾಗಿತ್ತು. ಅದೇ ಮಾತನ್ನು ಎರಡನೆಯ ಸಲ ಕೂಗಿ ಹೇಳಬೇಕಾಯಿತು. ಮಗಳೂ ಮೊಮ್ಮಗನೂ ನೀರಿನಂಚಿನಿಂದ ತಿರುಗಿ ನೋಡಿದರು. ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಹೋಳಿಗಿ ಮಾಡಿದ್ರು. ನಾ ಉಂಡs ಹೋಗಿದ್ದೆ" ಎಂದರು.

ಮರಳುವ ದಾರಿಯಲ್ಲಿ ಆ ತಾಯಿ ನಮ್ಮ ಉತ್ತರ ಕೇಳಿದಳು. ಕೊಲೆ ಪಾಪವೆಂಬ ನಮ್ಮ ನಂಬಿಕೆ ಅರ್ಧ ಶತಮಾನದಲ್ಲಿ ಎಳ್ಳಷ್ಟೂ ಕದಲಿಲ್ಲ. ದೇಶದ ಮೂರು ದಿಕ್ಕಿಗೂ ಕಡಲಿದೆ, ಅಲ್ಲಿ ಯಾರಾದರೊಬ್ಬರ ಮಗ ಎಚ್ಚರವಾಗಿ ಕುಳಿತಿರಬೇಕೆಂಬುದೂ ನಿಜ. ಈ ಎರಡನ್ನೂ ಹೊಂದಿಸುವ ಸೂತ್ರ ನಮ್ಮ ಓದಿನಲ್ಲಿ ನಮಗೆ ಸಿಕ್ಕಿಲ್ಲ. ಸಿಕ್ಕಿದೆಯೆಂದು ಅವಳಿಗೆ ಸುಳ್ಳು ಹೇಳಲಾಗಲಿಲ್ಲ. ಆದ್ದರಿಂದ ನಿನ್ನ ಮಗನನ್ನು ಹೋಗಬೇಡವೆನ್ನುವ ಅಧಿಕಾರ ನಮಗಿಲ್ಲ ತಾಯಿ, ಆದರೆ ಆ ಕುರ್ಚಿಯಲ್ಲಿ ಯಾರಾದರೂ ಕೂರಲೇಬೇಕೆಂದರೆ ಮೂರು ಸಲ ಸಂದೇಹ ಹೇಳಬಲ್ಲವನು ಕೂರುವುದು ಲೇಸು ಎಂದಷ್ಟೇ ಹೇಳಿದೆವು. ಅವಳು ಒಪ್ಪಿದಳೆಂದು ಹೇಳಲಾರೆವು. ಘಟ್ಟ ಹತ್ತುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

ಹುಡುಗ ಹೊರಟ ದಿನ ಹುಬ್ಬಳ್ಳಿ ನಿಲ್ದಾಣಕ್ಕೆ ನಾವೂ ಹೋಗಿದ್ದೆವು. ಹೌರಾ ಕಡೆಯ ಗಾಡಿ. ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ; ವಾರವಾದರೂ ಕೆಡದಂಥವು. ಅಜ್ಜ ಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ಮೊಮ್ಮಗನ ಕೈಗಿತ್ತರು. ಬಿಡಿಸಿ ನೋಡಿದರೆ ಅರಳೆ.

"ಎಂಜಿನ್ನಿನ ಕಡೆ ಹಾಕಿದ್ರ ಕಿವಿಗೆ ಇಟ್ಕೊ" ಎಂದರು. "ಅವರೂ ಏನರ ಕೊಡ್ತಾರ. ಕೊಡೂ ತನಕ ಇದು ಇರಲಿ."